ನೆಲ ಯಾರದು? ಇಲವಾಲದ ಒಂದು ಸಬ್ಬತ್ ದಿನ



ಮೈಸೂರಿನಿಂದ ಬಸ್ಸಿನಲ್ಲಿ ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಹೋಗುವ ನಮ್ಮ ಭಕ್ತರಿಗೆ ಇಲವಾಲ ಗೊತ್ತಿರುವ ಊರು. ಹುಣಸೂರು ರಸ್ತೆಯಲ್ಲಿ ನಗರ ಮುಗಿಯಿತೆಂದು ಅನಿಸುವಷ್ಟರಲ್ಲಿ ಇಲವಾಲ ಬರುತ್ತದೆ. ಈಗ ನಗರವೇ ಅಲ್ಲಿಯವರೆಗೆ ಬಂದುಬಿಟ್ಟಿದೆ. ಒಂದು ಕಾಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು, ಬಣ್ಣ ಬಳಿದು, 'ನಿವೇಶನಗಳು ಮಾರಾಟಕ್ಕಿವೆ' ಎಂಬ ಫಲಕಗಳನ್ನು ನಿಲ್ಲಿಸಿದ್ದಾರೆ. ಬಸ್ಸಿನಲ್ಲಿ ಜಪಸರ ಹಿಡಿದು ಕುಳಿತವರೂ ಕಿಟಕಿಯಾಚೆ ನೋಡಿ, ಇಲ್ಲಿ ಈಗ ಅಡಿಗೆ ಎಷ್ಟಂತೆ ಎಂದು ಕೇಳುವುದುಂಟು. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಇದೇ ಇಲವಾಲದಲ್ಲಿ ಒಮ್ಮೆ ನೆಲದ ಬಗ್ಗೆ ಬೇರೆಯದೇ ಒಂದು ಪ್ರಶ್ನೆಯನ್ನು ಕೇಳಲಾಗಿತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಅಲ್ಲಿ ಕೇಳಿದ್ದು ನೆಲದ ಬೆಲೆ ಎಷ್ಟು ಎಂದಲ್ಲ, ನೆಲ ಯಾರದು ಎಂದು.

1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ಪಾದಯಾತ್ರೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದಿದ್ದ ಆಚಾರ್ಯ ವಿನೋಬಾ ಭಾವೆಯವರ ಮುಂದೆ ಅಂದಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್, ಪ್ರಧಾನಿ ಜವಾಹರಲಾಲ್ ನೆಹರು, ಗೃಹ ಸಚಿವ ಗೋವಿಂದ ವಲ್ಲಭ ಪಂತ್, ಕಾಂಗ್ರೆಸ್ ಅಧ್ಯಕ್ಷ ಯು.ಎನ್. ಢೇಬರ್, ಜಯಪ್ರಕಾಶ ನಾರಾಯಣ್, ನಮ್ಮ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಇವರೆಲ್ಲ ಕುಳಿತು ಮಾತನಾಡಿದರು. ದೆಹಲಿಯಲ್ಲಿ ಒಂದೇ ಮಾತಿಗೆ ಒಪ್ಪದಿದ್ದವರು ಒಂದು ಹಳ್ಳಿಗೆ ಬಂದು, ಭೂಮಿಯಿಲ್ಲದವನಿಗೆ ಭೂಮಿ ಸಿಗಬೇಕಾದ ದಾರಿ ಯಾವುದು ಎಂದು ಜೊತೆಯಾಗಿ ಯೋಚಿಸಿದರು.

ಸೆಪ್ಟೆಂಬರ್ 21 ಶನಿವಾರ. ಯೆಹೂದ್ಯರಿಗೆ ಅದು ಸಬ್ಬತ್ ದಿನ. ಅವರ ಪಂಚಾಂಗದಲ್ಲಿ 5717ನೇ ವರ್ಷದ ಕೊನೆಯ ಸಬ್ಬತ್. ಅದೇ ದಿನ ಕೊಚ್ಚಿಯಿಂದ ಹಿಡಿದು ಜೆರುಸಲೇಮಿನವರೆಗೆ ಯೆಹೂದ್ಯರ ಪ್ರಾರ್ಥನಾಮಂದಿರಗಳಲ್ಲಿ ಓದಲಾದ ವಾಚನ ಯಾವುದು ಗೊತ್ತೇ? ಧರ್ಮೋಪದೇಶಕಾಂಡದ 29ನೇ ಅಧ್ಯಾಯದಿಂದ 31ನೇ ಅಧ್ಯಾಯದವರೆಗಿನ ಭಾಗ. ಅದರ ಆರಂಭದಲ್ಲಿ ಮೋಶೆ ಇಡೀ ಜನತೆಯನ್ನು ಸರ್ವೇಶ್ವರನ ಮುಂದೆ ನಿಲ್ಲಿಸುತ್ತಾನೆ. ಕುಲನಾಯಕರು, ಹಿರಿಯರು, ಅಧಿಕಾರಿಗಳು, ಹೆಂಗಸರು, ಮಕ್ಕಳು, ಪಾಳೆಯದಲ್ಲಿರುವ ಪರದೇಶಿಗಳು, ಕಟ್ಟಿಗೆ ಕಡಿಯುವವರು, ನೀರು ಹೊರುವವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಯಾರನ್ನೂ ಮನೆಗೆ ಕಳಿಸುವುದಿಲ್ಲ, ಯಾರನ್ನೂ ಹಿಂದಕ್ಕೆ ನಿಲ್ಲಿಸುವುದಿಲ್ಲ.

ಇದು ಕೇವಲ ಕಾಕತಾಳೀಯ. ಇಲವಾಲದ ಸಭೆಯನ್ನು ಏರ್ಪಡಿಸಿದವರು ಯೆಹೂದ್ಯರ ಪಂಚಾಂಗ ನೋಡಿ ದಿನ ಗೊತ್ತುಮಾಡಿರಲಿಲ್ಲ. ಆದರೂ ಆ ಎರಡು ಸಭೆಗಳನ್ನು ಜೊತೆಗಿಟ್ಟು ನೋಡಿದರೆ ಕ್ರೈಸ್ತರಾದ ನಮಗೆ ಕಲಿಯುವುದು ಬಹಳವಿದೆ.

ವಾರವಾರವೂ ಓದುವ ಜನ

ಬೈಬಲಿನ ಮೊದಲ ಐದು ಗ್ರಂಥಗಳನ್ನು ಯೆಹೂದ್ಯರು 'ತೋರಾ' ಎಂದು ಕರೆಯುತ್ತಾರೆ. ನಮಗೆ ಇವು ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಪಂಚಗ್ರಂಥಗಳು. ಇವನ್ನು 54 ಭಾಗಗಳಾಗಿ ಮಾಡಿ, ಪ್ರತಿ ಸಬ್ಬತ್ ದಿನವೂ ಒಂದು ಭಾಗವನ್ನು, ಕೆಲವು ವಾರ ಎರಡನ್ನು ಸೇರಿಸಿ, ಚರ್ಮದ ಸುರುಳಿಯಿಂದ ಗಟ್ಟಿಯಾಗಿ ಓದುತ್ತಾರೆ. ಒಂದು ವರ್ಷಕ್ಕೆ ಐದೂ ಗ್ರಂಥಗಳು ಮುಗಿಯುತ್ತವೆ. ಪರ್ಣಕುಟೀರಗಳ ಹಬ್ಬದ ಕೊನೆಯಲ್ಲಿ ಬರುವ 'ಸಿಮ್ಖಾತ್ ತೋರಾ' ಎಂಬ ಸಂಭ್ರಮದ ದಿನ ಮೋಶೆಯ ಮರಣದ ಅಧ್ಯಾಯವನ್ನು ಓದಿ ಮುಗಿಸಿ, ಆ ಕ್ಷಣವೇ ಸೃಷ್ಟಿಯ ಮೊದಲ ಅಧ್ಯಾಯವನ್ನು ಮತ್ತೆ ಆರಂಭಿಸುತ್ತಾರೆ. ಕೊನೆಯೂ ಆರಂಭವೂ ಒಂದೇ ದಿನ.

ಈ ಪದ್ಧತಿಯ ಬೇರನ್ನು ನೆಹೆಮೀಯನ ಗ್ರಂಥದ 8ನೇ ಅಧ್ಯಾಯದಲ್ಲಿ ಕಾಣಬಹುದು. ಬಾಬಿಲೋನಿನ ಸೆರೆಯಿಂದ ಹಿಂದಿರುಗಿದ ಜನ ಏಳನೆಯ ತಿಂಗಳ ಮೊದಲ ದಿನ ಜೆರುಸಲೇಮಿನ ನೀರುಬಾಗಿಲಿನ ಎದುರಿಗೆ ಸೇರುತ್ತಾರೆ. ಧರ್ಮಶಾಸ್ತ್ರಿಯಾದ ಎಜ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಕೇಳಿದ ಜನ ಅಳುತ್ತಾರೆ. ನಮ್ಮ ಬಲಿಪೂಜೆಯ ವಾಚನಗಳಿಗೂ ಅನಂತರ ಗುರುಗಳು ನೀಡುವ ಪ್ರಬೋಧನೆಗೂ ಇದು ಬಹಳ ಹತ್ತಿರದ ಚಿತ್ರ.

ಪ್ರಭು ಯೇಸು ಬೆಳೆದದ್ದೂ ಇದೇ ವಾಚನಗಳ ನಡುವೆ. ಸಂತ ಲೂಕನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಅವರು ತಮ್ಮ ವಾಡಿಕೆಯಂತೆ ಸಬ್ಬತ್ ದಿನ ನಜರೇತಿನ ಪ್ರಾರ್ಥನಾಮಂದಿರಕ್ಕೆ ಹೋಗಿ, ಓದಲು ಎದ್ದು ನಿಲ್ಲುತ್ತಾರೆ. 'ವಾಡಿಕೆಯಂತೆ' ಎಂಬ ಮಾತನ್ನು ನಾವು ಗಮನಿಸಬೇಕು. ಅವರ ಕೈಗೆ ಬಂದದ್ದು ಪ್ರವಾದಿ ಯೆಶಾಯನ ಸುರುಳಿ. ಬಡವರಿಗೆ ಶುಭಸಂದೇಶ, ಸೆರೆಯಲ್ಲಿರುವವರಿಗೆ ಬಿಡುಗಡೆ, ಸರ್ವೇಶ್ವರನ ಕೃಪೆಯ ವರ್ಷ. ಆ ಕೃಪೆಯ ವರ್ಷ ಎಂಬ ಮಾತಿನಲ್ಲಿ ಯಾಜಕಕಾಂಡದ ಜೂಬಿಲಿ ವರ್ಷದ ಧ್ವನಿಯಿದೆ ಎಂದು ಬೈಬಲ್ ವಿದ್ವಾಂಸರು ಹೇಳುತ್ತಾರೆ.

1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 'ನೋಸ್ತ್ರಾ ಎತಾತೆ' ಎಂಬ ಘೋಷಣೆಯಲ್ಲಿ ಧರ್ಮಸಭೆಗೂ ಯೆಹೂದ್ಯ ಜನಾಂಗಕ್ಕೂ ಇರುವ ಈ ಆತ್ಮೀಯ ನಂಟನ್ನು ಎತ್ತಿ ಹೇಳಿತು. ಆದುದರಿಂದ ಯೆಹೂದ್ಯರು ಪಂಚಗ್ರಂಥಗಳನ್ನು ಹೇಗೆ ಓದುತ್ತಾರೆ ಎಂದು ಕೇಳಿ ತಿಳಿಯುವುದು ನಮಗೆ ಪರರ ಮನೆಯ ವಿಚಾರವಲ್ಲ.

ಕೊಂಬು ಊದಿದ ವರ್ಷ

ಭೂಮಿಯ ಕಾನೂನು ಇರುವುದು ಯಾಜಕಕಾಂಡದ 25ನೇ ಅಧ್ಯಾಯದಲ್ಲಿ. ಯೆಹೂದ್ಯರು ಈ ವಾಚನವನ್ನು 'ಬೆಹಾರ್' ಎನ್ನುತ್ತಾರೆ. 'ಬೆಟ್ಟದ ಮೇಲೆ' ಎಂದು ಅರ್ಥ. ಸೀನಾಯಿ ಬೆಟ್ಟದ ಮೇಲೆ ಕೊಟ್ಟದ್ದು. ಪಾಸ್ಕ ಹಬ್ಬಕ್ಕೂ ಪಂಚಾಶತ್ತಮ ಹಬ್ಬಕ್ಕೂ ನಡುವಿನ ವಾರಗಳಲ್ಲಿ, ಬಹುತೇಕ ಮೇ ತಿಂಗಳಲ್ಲಿ, ಇದರ ಸರದಿ ಬರುತ್ತದೆ.

ಅದರ ವಿಷಯ ಹೀಗಿದೆ. ಆರು ವರ್ಷ ಬಿತ್ತಬೇಕು, ಕೊಯ್ಯಬೇಕು. ಏಳನೆಯ ವರ್ಷ ಭೂಮಿಗೂ ಸಬ್ಬತ್ ಇದೆ, ಉಳಬಾರದು, ಬಿತ್ತಬಾರದು. ತಾನಾಗಿ ಬೆಳೆದದ್ದನ್ನು ಯಜಮಾನನೂ ಆಳುಗಳೂ ಪರದೇಶಿಯೂ ದನಕರುಗಳೂ ಸಮನಾಗಿ ತಿನ್ನಬೇಕು. ಇಂಥ ಏಳು ಏಳರ ಸುತ್ತು ಮುಗಿದು 49 ವರ್ಷಗಳಾದ ಮೇಲೆ ಬರುವುದು 50ನೆಯ ವರ್ಷ. ಆ ವರ್ಷದ ಏಳನೆಯ ತಿಂಗಳ ಹತ್ತನೆಯ ದಿನ, ಅಂದರೆ ದೋಷಪರಿಹಾರಕ ದಿನದಂದು, ನಾಡಿನಾದ್ಯಂತ ಕೊಂಬು ಊದಬೇಕು. ಟಗರಿನ ಕೊಂಬಿಗೆ ಹೀಬ್ರೂ ಭಾಷೆಯಲ್ಲಿ 'ಯೋವೇಲ್' ಎನ್ನುತ್ತಾರೆ. ನಮ್ಮ 'ಜೂಬಿಲಿ' ಎಂಬ ಪದ ಬಂದದ್ದು ಅಲ್ಲಿಂದಲೇ. ಕೊಂಬಿನ ಧ್ವನಿ ಕೇಳಿದೊಡನೆ ಸಾಲಕ್ಕೆ ಮಾರಿಕೊಂಡವನು ಬಿಡುಗಡೆ ಹೊಂದಿ ತನ್ನ ಮನೆಗೆ ಹೋಗಬೇಕು. ಕಷ್ಟಕಾಲದಲ್ಲಿ ಕೈಬಿಟ್ಟ ಹೊಲ ಮೂಲ ಕುಟುಂಬಕ್ಕೆ ಮರಳಬೇಕು.

ಇದಕ್ಕೆ ಕೊಟ್ಟ ಕಾರಣ ಒಂದೇ: ಭೂಮಿ ಸರ್ವೇಶ್ವರನದು, ಮನುಷ್ಯರು ಅವನ ಬಳಿ ತಂಗಿರುವ ಪರದೇಶಿಗಳು ಮತ್ತು ಅತಿಥಿಗಳು. ಆದುದರಿಂದ ಶಾಶ್ವತವಾಗಿ ಮಾರುವ ಹಕ್ಕು ಯಾರಿಗೂ ಇಲ್ಲ. ಮಾರುವಾಗಲೂ ನಿಜವಾಗಿ ಮಾರುವುದು ನೆಲವನ್ನಲ್ಲ, ಮುಂದಿನ ಜೂಬಿಲಿಯವರೆಗೆ ಬರುವ ಬೆಳೆಗಳನ್ನು. ವರ್ಷ ಹೆಚ್ಚು ಉಳಿದಿದ್ದರೆ ಬೆಲೆ ಹೆಚ್ಚು, ಕಡಿಮೆ ಉಳಿದಿದ್ದರೆ ಬೆಲೆ ಕಡಿಮೆ. ನಮ್ಮ ಹಳ್ಳಿಗಳವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಾವು ಹೊಲವನ್ನು ಇಷ್ಟು ವರ್ಷಕ್ಕೆಂದು ಭೋಗ್ಯಕ್ಕೆ ಹಾಕುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ಒಂದು ದೊಡ್ಡ ವ್ಯತ್ಯಾಸವಿದೆ. ಭೋಗ್ಯ ಬಿಡಿಸಿಕೊಳ್ಳಬೇಕಾದರೆ ಅಸಲು ಹಣ ಹಿಂದಿರುಗಿಸಬೇಕು. ಜೂಬಿಲಿಯಲ್ಲಿ ಕೊಂಬು ಊದಿದರೆ ಸಾಕು, ಹೊಲ ಹಿಂದಕ್ಕೆ ಬರುತ್ತದೆ.

ಇದೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ನಿಯಮವಿದೆ. ಗೋಡೆ ಸುತ್ತಿದ ಪಟ್ಟಣದೊಳಗಿನ ಮನೆಯನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಉಳಿಯುತ್ತದೆ. ಆದರೆ ಗೋಡೆಯಿಲ್ಲದ ಹಳ್ಳಿಯ ಮನೆಯನ್ನು ಹೊಲದಂತೆಯೇ ಎಣಿಸಬೇಕು. ಜೂಬಿಲಿಯಲ್ಲಿ ಅದು ಮರಳಬೇಕು. ಪಟ್ಟಣದ ಮನೆ ಒಂದು ಆಸ್ತಿ. ಹಳ್ಳಿಯ ಮನೆ, ಹೊಲ ಒಂದು ಕುಟುಂಬದ ಬದುಕು. ಹೊಲವು ಸೈಟಾಗುತ್ತಿರುವ ಇಲವಾಲದಂಥ ಊರಿನಲ್ಲಿ ನಿಂತು ಓದಿದರೆ ಈ ನಿಯಮ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಯೆಹೂದ್ಯರ ಸಂಖ್ಯೆ ಬಹಳ ಕಡಿಮೆ. ಬೆಂಗಳೂರಿನಲ್ಲಿದ್ದ ಕೆಲವೇ ಕುಟುಂಬಗಳಿಗೆ ತಮ್ಮವರನ್ನು ಮಣ್ಣು ಮಾಡಲು 1904ರಲ್ಲಿ ಮೈಸೂರು ರಸ್ತೆಯ ಬಳಿ ಜಾಗ ಕೊಟ್ಟವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಪರದೇಶಿಗೂ ನೆಲದಲ್ಲಿ ಪಾಲುಂಟು ಎಂಬ ಮಾತನ್ನು ಮೈಸೂರಿನ ಅರಸರು ಹೀಗೆ ನಡೆಸಿ ತೋರಿಸಿದ್ದರು.

ಪಾಲಿಸಿದರೇ?

ಇಷ್ಟು ಓದಿದ ಮೇಲೆ ಯಾರಾದರೂ ಕೇಳಬಹುದು: ಇದನ್ನೆಲ್ಲ ಅವರು ನಿಜವಾಗಿ ಪಾಲಿಸಿದರೇ? ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ, ಅಲ್ಲಲ್ಲಿ ಪಾಲಿಸಿದರು, ಬಹಳಷ್ಟು ಸಲ ಮುರಿದರು.

ಏಳನೆಯ ವರ್ಷದ ನಿಯಮವನ್ನು ಪಾಲಿಸಿದ್ದಕ್ಕೆ ನಮ್ಮ ಕಥೋಲಿಕ ಬೈಬಲಿನಲ್ಲಿಯೇ ಸಾಕ್ಷಿಯಿದೆ. ಮಕ್ಕಬಿಯರ ಮೊದಲನೆಯ ಗ್ರಂಥದ 6ನೇ ಅಧ್ಯಾಯದಲ್ಲಿ ಮುತ್ತಿಗೆಗೆ ಸಿಕ್ಕಿದ ಬೇತ್‌ಸೂರಿನ ಜನ ಶರಣಾಗುತ್ತಾರೆ. ಅದು ಭೂಮಿಯ ಸಬ್ಬತ್ ವರ್ಷವಾಗಿತ್ತು, ಕಣಜದಲ್ಲಿ ಧಾನ್ಯವಿರಲಿಲ್ಲ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಯುದ್ಧದ ನಡುವೆಯೂ ನೆಲವನ್ನು ಉಳದೆ ಬಿಟ್ಟವರು ಇದ್ದರು.

ಮುರಿದದ್ದಕ್ಕೂ ಸಾಕ್ಷಿಗಳಿವೆ. ತಾತ ಮುತ್ತಾತಂದಿರ ಹಿಸ್ಸೆಯಾದ ದ್ರಾಕ್ಷಿತೋಟವನ್ನು ಕೊಡಲಾರೆನೆಂದ ನಾಬೋತನನ್ನು ಅರಸ ಅಹಾಬನ ಅರಮನೆ ಸುಳ್ಳುಸಾಕ್ಷಿ ಹೇಳಿಸಿ ಕೊಲ್ಲಿಸಿತು. ಅರಸ ಒಳ್ಳೆಯ ಬೆಲೆಯನ್ನೇ ಕೊಡಲು ಬಂದಿದ್ದ ಎಂಬುದನ್ನು ಮರೆಯಬಾರದು. ನಾಬೋತನಿಗೆ ಅದು ಮಾರುವ ವಸ್ತುವಾಗಿರಲಿಲ್ಲ, ಅಷ್ಟೇ. ಏಳನೆಯ ವರ್ಷ ಹತ್ತಿರ ಬಂದಂತೆ ಸಾಲ ಮನ್ನಾ ಆಗುತ್ತದೆಂದು ಹಣವಂತರು ಬಡವರಿಗೆ ಸಾಲ ಕೊಡುವುದನ್ನೇ ನಿಲ್ಲಿಸುತ್ತಿದ್ದರು. ಆಗ ಹಿಲ್ಲೇಲ್ ಎಂಬ ಮಹಾ ರಬ್ಬಿ, ಸಾಲಪತ್ರವನ್ನು ನ್ಯಾಯಸಭೆಗೆ ಒಪ್ಪಿಸಿ ಸಾಲವನ್ನು ಉಳಿಸಿಕೊಳ್ಳುವ ಒಂದು ವ್ಯವಸ್ಥೆ ಮಾಡಿದರು. ಬಡವನಿಗೆ ಕೈಸಾಲವಾದರೂ ಸಿಗಲಿ ಎಂಬುದು ಅವರ ಉದ್ದೇಶ. ಇನ್ನು ಜೂಬಿಲಿಯಂತೂ, ಎಲ್ಲ ಕುಲಗಳೂ ತಮ್ಮ ತಮ್ಮ ನೆಲದಲ್ಲಿ ನೆಲೆಸಿದ್ದಾಗ ಮಾತ್ರ ನಡೆಯಬೇಕಾದದ್ದು ಎಂದು ರಬ್ಬಿಗಳು ತೀರ್ಮಾನಿಸಿದ್ದರಿಂದ ಆಚರಣೆಯಿಂದ ಬಿಟ್ಟುಹೋಯಿತು.

ಕ್ರಿಸ್ತಶಕ 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದರು. ಕ್ರಮೇಣ ಬಹುಪಾಲು ಯೆಹೂದ್ಯರ ಕೈಯಲ್ಲಿ ಆ ನಾಡಿನ ಒಂದು ಗುಂಟೆ ನೆಲವೂ ಉಳಿಯಲಿಲ್ಲ. ಆದರೂ ಹೊಲವಿಲ್ಲದ ಜನ ಹೊಲದ ಕಾನೂನನ್ನು ಓದುವುದನ್ನು ಬಿಡಲಿಲ್ಲ. ಪೋಲೆಂಡಿನ ಹಿಮದಲ್ಲಿ, ಬಾಗ್ದಾದಿನ ಬೀದಿಯಲ್ಲಿ, ಕೊಚ್ಚಿಯ ಕಡಲ ದಂಡೆಯಲ್ಲಿ ವರ್ಷಕ್ಕೊಮ್ಮೆ ಬೆಹಾರ್ ವಾಚನದ ಸರದಿ ಬಂದೇ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲವರು ಮತ್ತೆ ಅಲ್ಲಿ ಬೇಸಾಯ ಆರಂಭಿಸಿದಾಗ ಮೊದಲು ಎದ್ದ ಪ್ರಶ್ನೆಗಳಲ್ಲಿ ಒಂದು, ಏಳನೆಯ ವರ್ಷ ಏನು ಮಾಡುವುದು ಎಂಬುದು. ಅದರ ಚರ್ಚೆ ಇಂದಿಗೂ ನಿಂತಿಲ್ಲ. ಕಳೆದ ಸಬ್ಬತ್ ವರ್ಷ 2021-22ರಲ್ಲಿ ಬಂತು, ಮುಂದಿನದು 2028-29ರಲ್ಲಿ ಬರಲಿದೆ. ಪಾಲಿಸಲಾಗದ ಕಾಲದಲ್ಲಿಯೂ ಓದುತ್ತಾ ಬಂದದ್ದರಿಂದ ಆ ಪ್ರಶ್ನೆ ಸಾಯಲಿಲ್ಲ.

ಇಲವಾಲದಲ್ಲಿ ಆಡಿದ ಮಾತು

ಈಗ ನಮ್ಮ ಇಲವಾಲಕ್ಕೆ ಬರೋಣ. ಭೂದಾನದ ಕಥೆ ಆರಂಭವಾದದ್ದು 1951ರ ಏಪ್ರಿಲ್ 18ರಂದು, ತೆಲಂಗಾಣದ ಪೋಚಂಪಲ್ಲಿಯಲ್ಲಿ. ಅಲ್ಲಿನ ಭೂಹೀನ ದಲಿತ ಕುಟುಂಬಗಳು ವಿನೋಬಾರ ಬಳಿ 80 ಎಕರೆ ಭೂಮಿ ಬೇಕೆಂದು ಕೇಳಿದವು. ಸಭೆಯಲ್ಲಿದ್ದ ವೆದಿರೆ ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು ಎದ್ದು ನಿಂತು 100 ಎಕರೆ ಕೊಡುತ್ತೇನೆಂದರು. ಅಲ್ಲಿಂದ ವಿನೋಬಾ ಊರೂರು ನಡೆದರು. ನಿಮಗೆ ಐದು ಮಕ್ಕಳಿದ್ದರೆ ನನ್ನನ್ನು ಆರನೆಯ ಮಗನೆಂದು ತಿಳಿದು ನನ್ನ ಪಾಲನ್ನು ಕೊಡಿ, ಅದು ಭೂಮಿಯಿಲ್ಲದವನಿಗೆ ಎನ್ನುತ್ತಿದ್ದರು. ಎಲ್ಲ ಭೂಮಿಯೂ ಗೋಪಾಲನದು ಎಂಬುದು ಅವರ ಚಳವಳಿಯ ಘೋಷಣೆ. ಯಾಜಕಕಾಂಡದ ಮಾತಿಗೆ ಇದು ಎಷ್ಟು ಹತ್ತಿರ! ಬೇರೆ ಧರ್ಮದ, ಬೇರೆ ನಾಡಿನ ಇಬ್ಬರು ಒಂದೇ ಬಾವಿಯಿಂದ ನೀರು ಸೇದಿದಂತಿದೆ.

ಮುಂದೆ ಭೂದಾನ ಗ್ರಾಮದಾನವಾಯಿತು. ಊರಿನ ಒಬ್ಬಿಬ್ಬರು ತುಂಡು ಭೂಮಿ ಕೊಡುವುದಕ್ಕಿಂತ ಇಡೀ ಊರೇ ಒಡೆತನವನ್ನು ಗ್ರಾಮಸಭೆಗೆ ಒಪ್ಪಿಸಿ ಹಂಚಿಕೊಂಡು ಉಳುವುದು ಇದರ ತಿರುಳು. ಇಲವಾಲದಲ್ಲಿ ನಾಯಕರು ಚರ್ಚಿಸಿದ್ದು ಇದನ್ನೇ. ಒಂದು ಕಡೆ ಮನಸ್ಸನ್ನು ಪರಿವರ್ತಿಸಿ ಭೂಮಿ ಪಡೆಯಬೇಕೆಂಬ ವಿನೋಬಾ. ಇನ್ನೊಂದು ಕಡೆ, ಅದೇ ಏಪ್ರಿಲಿನಲ್ಲಿ ಅಧಿಕಾರಕ್ಕೆ ಬಂದು ಒಂದು ವಾರದೊಳಗೆ ಗೇಣಿದಾರರನ್ನು ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿದ್ದ ನಂಬೂದಿರಿಪಾಡ್. ಪ್ರೀತಿಯೋ ಕಾನೂನೋ ಎಂಬ ಹಳೆಯ ವಾದ. ಕೊನೆಗೆ ಸಮ್ಮೇಳನ ಒಂದು ಹೇಳಿಕೆಯನ್ನು ಹೊರಡಿಸಿ, ಗ್ರಾಮದಾನದ ಅಹಿಂಸೆಯ, ಸ್ವಯಂಪ್ರೇರಣೆಯ ದಾರಿಯನ್ನು ಮೆಚ್ಚಿ, ಎಲ್ಲರೂ ಬೆಂಬಲಿಸಬೇಕೆಂದು ಕರೆಕೊಟ್ಟಿತು. ಸರ್ಕಾರದ ಭೂಸುಧಾರಣೆಯ ಕೆಲಸವೂ ಜೊತೆಜೊತೆಗೆ ಸಾಗಬೇಕೆಂಬುದು ಅಲ್ಲಿನ ಒಟ್ಟು ನಿಲುವಾಗಿತ್ತು.

ಇಂಥದೇ ಒಂದು ಸಭೆಯನ್ನು ನೆಹೆಮೀಯನ ಗ್ರಂಥದ 5ನೇ ಅಧ್ಯಾಯದಲ್ಲಿ ಓದುತ್ತೇವೆ. ಬರಗಾಲದಲ್ಲಿ ಜನ ಹೊಲ, ತೋಟ, ಮನೆಗಳನ್ನು ಒತ್ತೆಯಿಟ್ಟಿದ್ದರು. ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು. ಒತ್ತೆ ಹಿಡಿದವರು ಬೇರೆಯವರಲ್ಲ, ಅವರದೇ ಸಹೋದರರು. ನೆಹೆಮೀಯ ದೊಡ್ಡ ಸಭೆ ಕರೆದು ಗದರಿದಾಗ ಧನಿಕರು ಎಲ್ಲವನ್ನೂ ಹಿಂದಿರುಗಿಸುತ್ತೇವೆಂದು ಒಪ್ಪಿದರು. ಅವನು ಅಷ್ಟಕ್ಕೇ ಬಿಡಲಿಲ್ಲ. ಯಾಜಕರನ್ನು ಕರೆಸಿ ಅವರ ಮುಂದೆ ಪ್ರಮಾಣ ಮಾಡಿಸಿದ. ಇದೇ ಗ್ರಂಥದಲ್ಲಿ ಮುಂದೆ ಬರುವುದೇ ನಾವು ಮೇಲೆ ನೋಡಿದ ನೀರುಬಾಗಿಲಿನ ವಾಚನ. ಮೊದಲು ಮಾತು, ಅನಂತರ ಪ್ರಮಾಣ, ಆಮೇಲೆ ಇಡೀ ಜನತೆಯ ಮುಂದೆ ಓದು.

ಇಲವಾಲದಲ್ಲಿ ಮೊದಲನೆಯದು ಆಯಿತು. ಮೂರನೆಯದು ಆಗಲೇ ಇಲ್ಲ.

1957ರೊಳಗೆ 5 ಕೋಟಿ ಎಕರೆ ಸಂಗ್ರಹಿಸಬೇಕೆಂಬುದು ವಿನೋಬಾರ ಗುರಿಯಾಗಿತ್ತು. ದೇಶದಲ್ಲಿ ಒಟ್ಟು ದಾನವಾಗಿ ಬಂದದ್ದು ಸುಮಾರು 42 ಲಕ್ಷ ಎಕರೆ. ಅದರಲ್ಲಿ ಭೂಹೀನರಿಗೆ ನಿಜವಾಗಿ ಹಂಚಿದ್ದು ಸುಮಾರು 13 ಲಕ್ಷ ಎಕರೆ ಎಂದು ಲೆಕ್ಕ. ಉಳಿದದ್ದರಲ್ಲಿ ಬಹಳಷ್ಟು ಕಲ್ಲುಭೂಮಿ, ವ್ಯಾಜ್ಯದ ಭೂಮಿ, ದಾನಪತ್ರ ಬರೆದುಕೊಟ್ಟ ಮೇಲೂ ಮನೆಯವರು ಬಿಟ್ಟುಕೊಡದ ಭೂಮಿ. ಹಾಗೆಂದು ಈ ಚಳವಳಿಯನ್ನು ಅಲ್ಲಗಳೆಯಬಾರದು. 13 ಲಕ್ಷ ಎಕರೆಯೂ ಸಣ್ಣ ಮಾತಲ್ಲ; ಬಂದೂಕಿಲ್ಲದೆ, ಬಲವಂತವಿಲ್ಲದೆ ಕೈ ಬದಲಾದ ನೆಲ ಅದು.

ಕಾನೂನಿನ ದಾರಿಯೂ ಇದೇ ಹುಣಸೂರು ರಸ್ತೆಯಲ್ಲಿಯೇ ಬಂತೆಂದು ಹೇಳಬಹುದು. ಇಲವಾಲದಿಂದ ಮುಂದಕ್ಕೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಮಾತು ಆಗ ಮನೆಮಾತಾಯಿತು. ಗೇಣಿಗೆ ಉಳುತ್ತಿದ್ದ ಲಕ್ಷಾಂತರ ಕುಟುಂಬಗಳು ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ನಿಂತು ಪಹಣಿಯಲ್ಲಿ ತಮ್ಮ ಹೆಸರನ್ನು ಕಂಡವು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಅಜ್ಜಂದಿರು ಆ ಅರ್ಜಿಯ ಕಥೆಯನ್ನು ಹೇಳುತ್ತಿದ್ದರು. ಮುಂದೆ 2020ರ ತಿದ್ದುಪಡಿಯಲ್ಲಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು ಕೈಬಿಡಲಾಯಿತು. ಇದರಿಂದ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುವವರಿದ್ದಾರೆ. ರೈತನೇ ಉಳಿಯುವುದಿಲ್ಲ ಎನ್ನುವವರೂ ಇದ್ದಾರೆ. ಆ ವಾದದಲ್ಲಿ ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ಆದರೆ ಅಷ್ಟು ದೊಡ್ಡ ಬದಲಾವಣೆಯಾದಾಗ 1957ರ ಇಲವಾಲವನ್ನು ನೆನೆದವರು ಎಷ್ಟು ಮಂದಿ?

ಮತ್ತೆ ಓದುವುದು

ಯೆಹೂದ್ಯರು ಜೂಬಿಲಿಯನ್ನು ಪಾಲಿಸಲಿಲ್ಲ, ನಾವು ಇಲವಾಲದ ಮಾತನ್ನು ಪಾಲಿಸಲಿಲ್ಲ. ಹಾಗಾದರೆ ವ್ಯತ್ಯಾಸವೇನು? ಅವರು ತಮ್ಮ ಮುರಿದ ಮಾತನ್ನು ಪ್ರತಿವರ್ಷ ಎದ್ದು ನಿಂತು ಗಟ್ಟಿಯಾಗಿ ಓದುತ್ತಾರೆ. ನಾವು ನಮ್ಮದನ್ನು ಒಂದು ಸಲ ಹೇಳಿ ಮರೆತೆವು. ಓದಿದ ಮಾತ್ರಕ್ಕೆ ನ್ಯಾಯ ಬಂದುಬಿಡುವುದಿಲ್ಲ, ನಿಜ. ಆದರೆ ಓದದೆ ಬಿಟ್ಟ ಮಾತು ನಮ್ಮನ್ನು ಪ್ರಶ್ನಿಸುವುದಕ್ಕೂ ಉಳಿಯುವುದಿಲ್ಲ. ಹಿಲ್ಲೇಲ್ ರಬ್ಬಿಗಳು ನಿಯಮವನ್ನು ಸಡಿಲಿಸಿದಾಗಲೂ ಯಾವುದನ್ನು ಸಡಿಲಿಸುತ್ತಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಎಲ್ಲರೂ ಅದನ್ನು ಕೇಳಿದ್ದರು.

1957ರ ಸೆಪ್ಟೆಂಬರ್ 21ರ ವಾಚನದ ಕೊನೆಯ ಭಾಗದಲ್ಲಿ ಇದೇ ವಿಷಯವಿದೆ. ಪ್ರತಿ ಏಳನೆಯ ವರ್ಷ, ಸಾಲ ಮನ್ನಾದ ಸಮಯದಲ್ಲಿ, ಪರ್ಣಕುಟೀರಗಳ ಹಬ್ಬಕ್ಕೆ ಎಲ್ಲರೂ ಬಂದಾಗ, ಗಂಡಸರು, ಹೆಂಗಸರು, ಮಕ್ಕಳು, ಪರದೇಶಿಗಳು ಕೇಳುವಂತೆ ಧರ್ಮಶಾಸ್ತ್ರವನ್ನು ಓದಬೇಕೆಂದು ಮೋಶೆ ಆಜ್ಞಾಪಿಸುತ್ತಾನೆ. ಇನ್ನೂ ಏನನ್ನೂ ತಿಳಿಯದ ಮಕ್ಕಳು ಕೇಳಿ ಕಲಿಯಲಿ ಎಂಬುದು ಕಾರಣ. ಮುಂದಿನ ಕಾಲದಲ್ಲಿ ದೇವಾಲಯದ ಅಂಗಳದಲ್ಲಿ ಇದನ್ನು ಅರಸನೇ ಓದುತ್ತಿದ್ದ. ಅಗ್ರಿಪ್ಪ ಎಂಬ ಅರಸ ನಿಂತುಕೊಂಡೇ ಓದಿದನೆಂದೂ, ಪರದೇಶಿಯನ್ನು ಅರಸನನ್ನಾಗಿ ಮಾಡಿಕೊಳ್ಳಬಾರದೆಂಬ ಭಾಗ ಬಂದಾಗ ತನ್ನ ಮೂಲವನ್ನು ನೆನೆದು ಕಣ್ಣೀರಿಟ್ಟನೆಂದೂ, ನೀನು ನಮ್ಮ ಸಹೋದರನೇ ಎಂದು ಜನ ಸಂತೈಸಿದರೆಂದೂ ಯೆಹೂದ್ಯರ 'ಮಿಷ್ನಾ' ಗ್ರಂಥ ಹೇಳುತ್ತದೆ. ಆಳುವವನು ಎಲ್ಲರ ಮುಂದೆ ನಿಂತು ಕಾನೂನನ್ನು ಓದಿದರೆ ಮೊದಲು ಅದು ಅವನ ಎದೆಗೇ ನಾಟುತ್ತದೆ.

ಪ್ರಿಯರೇ, ಜಗದ್ಗುರು ಎಂಟನೆಯ ಬೋನಿಫೇಸರು 1300ರಲ್ಲಿ ಮೊದಲ ಪವಿತ್ರ ವರ್ಷವನ್ನು ಸಾರಿದಂದಿನಿಂದ ನಮ್ಮ ಧರ್ಮಸಭೆಗೂ ಜೂಬಿಲಿ ಉಂಟು. 2000ದ ಮಹಾ ಜೂಬಿಲಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, 2025ರ ಜೂಬಿಲಿಯಲ್ಲಿ ಜಗದ್ಗುರು ಫ್ರಾನ್ಸಿಸರು ಬಡ ರಾಷ್ಟ್ರಗಳ ಸಾಲ ಮನ್ನಾ ಮಾಡಬೇಕೆಂದು ಶ್ರೀಮಂತ ರಾಷ್ಟ್ರಗಳನ್ನು ಕೇಳಿಕೊಂಡರು. ನಾವು ಪವಿತ್ರ ದ್ವಾರವನ್ನು, ಯಾತ್ರೆಯನ್ನು, ಪೂರ್ಣ ಪಾಪದಂಡ ವಿಮೋಚನೆಯನ್ನು ನೆನಪಿಟ್ಟೆವು. ಸಾಲವನ್ನೂ ಹೊಲವನ್ನೂ ನೆನಪಿಟ್ಟೆವೇ?

ರಾಷ್ಟ್ರಗಳ ಮಾತು ದೊಡ್ಡವರಿಗಿರಲಿ. ನಮ್ಮ ಮನೆಗಳಲ್ಲಿಯೂ ಈ ಪ್ರಶ್ನೆ ಇದೆ. ಅಪ್ಪನ ಕಾಲದ ಎರಡು ಎಕರೆಯ ಹಿಸ್ಸೆಗಾಗಿ ಒಡಹುಟ್ಟಿದವರು ಒಂದೇ ದೇವಾಲಯದಲ್ಲಿ ಬೇರೆ ಬೇರೆ ಬಾಗಿಲಿನಿಂದ ಬರುವುದನ್ನು ನಾವು ಕಂಡಿಲ್ಲವೇ? ಅಕ್ಕತಂಗಿಯರ ಪಾಲನ್ನು ಒಂದು ಸಹಿಯಲ್ಲಿ ಮುಗಿಸಿದ್ದನ್ನು ಕಂಡಿಲ್ಲವೇ? ಆಸ್ಪತ್ರೆಯ ಖರ್ಚಿಗೆಂದು ಅವಸರಕ್ಕೆ ಹೊಲ ಮಾರುವವನ ಕಷ್ಟವೇ ನಮಗೆ ಒಳ್ಳೆಯ ವ್ಯಾಪಾರವಾದದ್ದಿಲ್ಲವೇ? ಇವೆಲ್ಲ ನೋಂದಣಿ ಕಚೇರಿಯಲ್ಲಿ ಕ್ರಮಬದ್ಧವಾಗಿಯೇ ಇರುತ್ತವೆ. ಆದರೆ ಯಾಜಕಕಾಂಡ ಕೇಳುವುದು ಕ್ರಯಪತ್ರವನ್ನಲ್ಲ. ನಿನ್ನ ಸಹೋದರ ಬಡವನಾದಾಗ ನೀನು ಏನು ಮಾಡಿದೆ ಎಂದು.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮೋತ್ಸವದಲ್ಲಿ ನಮ್ಮ ಎಷ್ಟೋ ಧರ್ಮಕೇಂದ್ರಗಳು ತೆನೆ ಹಬ್ಬ ಆಚರಿಸುತ್ತವೆ. ಗುರುಗಳು ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ನಾವು ಮನೆಗೆ ತಂದು ದೇವರ ಪೀಠದ ಮುಂದಿಡುತ್ತೇವೆ. ಸರಿಸುಮಾರು ಅದೇ ದಿನಗಳಲ್ಲಿ ಯೆಹೂದ್ಯರು ಪ್ರಥಮ ಫಲದ ಬುಟ್ಟಿಯ ವಾಚನವನ್ನು ಓದುತ್ತಾರೆ. ಬುಟ್ಟಿ ಒಪ್ಪಿಸುವವನು ತನ್ನ ಪೂರ್ವಜರು ನೆಲವಿಲ್ಲದೆ ಅಲೆದವರೆಂದು ಬಾಯಿಬಿಟ್ಟು ಹೇಳಬೇಕೆಂದು ಧರ್ಮೋಪದೇಶಕಾಂಡದ 26ನೇ ಅಧ್ಯಾಯ ವಿಧಿಸುತ್ತದೆ. ಈ ವರ್ಷ ತೆನೆಯನ್ನು ಮನೆಗೆ ತಂದ ಸಂಜೆ, ಎಲ್ಲರೂ ಕೂತಿರುವಾಗ, ಮನೆಯ ಕಿರಿಯ ಮಗು ಯಾಜಕಕಾಂಡದ 25ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ಮುಂದಿನ ವರ್ಷವೂ ಓದಲಿ. ಪಾಲು ಕೇಳುವ ಅಣ್ಣನೂ, ಪಾಲು ಕಳೆದುಕೊಂಡ ತಂಗಿಯೂ ಅದನ್ನು ಒಟ್ಟಿಗೆ ಕೇಳಲಿ.

ಮುಂದಿನ ಸಲ ಡೋರ್ನಹಳ್ಳಿಯ ಬಸ್ಸು ಇಲವಾಲದಲ್ಲಿ ನಿಂತಾಗ ಮಕ್ಕಳಿಗೆ ಹೇಳಿ: ಒಂದು ಶನಿವಾರ ದೇಶವನ್ನು ಆಳುವವರು ಇಲ್ಲಿಗೆ ಬಂದು, ನೆಲವಿಲ್ಲದವನಿಗೆ ನೆಲ ಹೇಗೆ ಸಿಗಬೇಕೆಂದು ಕೂತು ಯೋಚಿಸಿದ್ದರು. ಡೋರ್ನಹಳ್ಳಿಯ ಸಂತ ಅಂತೋಣಿಯವರ ಪ್ರತಿಮೆಯೂ ಉಳುವ ರೈತನೊಬ್ಬನ ನೇಗಿಲಿಗೆ ಸಿಕ್ಕಿದ್ದೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಉಳುವವನ ಹೊಲದಲ್ಲಿ ನಮ್ಮನ್ನು ಭೇಟಿಯಾಗುವ ದೇವರು, ನೆಲ ತನ್ನದೆಂಬುದನ್ನೂ ನಾವು ಅದರಲ್ಲಿ ಅತಿಥಿಗಳೆಂಬುದನ್ನೂ ನಮಗೆ ಮರೆಯಗೊಡದಿರಲಿ.